ಎಡಗಡೆ ಕಿಟಕಿಯ ಸಮುದ್ರ

ನಮ್ಮ ಪ್ರವಾಸೋದ್ಯಮ ಕಚೇರಿಯಲ್ಲಿ ನಾನು ಜೀವರಕ್ಷಕ. ನಗಬೇಡಿ, ಹುದ್ದೆಯ ಹೆಸರೇ ಹಾಗೆ. ಜಿಲ್ಲೆಯ ಕೊನೆಯಲ್ಲಿ ಒಂದು ಸಮುದ್ರವಿದೆ, ಅಲ್ಲಿ ಮುಳುಗುವವರನ್ನು ಎತ್ತಲು ಒಬ್ಬ ಈಜುಗಾರ ಬೇಕು ಎಂದು ಹಿಂದೆ ಯಾರೋ ಪುಣ್ಯಾತ್ಮರು ಬರೆದರು, ಹುದ್ದೆ ಮಂಜೂರಾಯಿತು. ಆದರೆ ಮಂಜೂರಾದದ್ದು ಕಚೇರಿಗೆ, ಮತ್ತು ಕಚೇರಿ ಇರುವುದು ಸಮುದ್ರದಿಂದ ನಾಲ್ಕು ತಾಸು ದೂರದಲ್ಲಿ. ಹುದ್ದೆ ಎಲ್ಲಿದೆಯೋ ನೌಕರ ಅಲ್ಲೇ ಇರಬೇಕು ಎಂಬುದು ನಿಯಮ. ಹಾಗಾಗಿ ಹದಿನೈದು ವರ್ಷದಿಂದ ನಾನು ಇಲ್ಲಿ ಟಪಾಲು ನೋಡಿಕೊಂಡಿದ್ದೇನೆ. ಈವರೆಗೆ ನನ್ನ ಕಣ್ಣೆದುರು ಒಬ್ಬರೂ ಮುಳುಗಿಲ್ಲ. ಇಂಥ ದಾಖಲೆ ಬೇರೆ ಯಾವ ಜೀವರಕ್ಷಕನದೂ ಇರಲಿಕ್ಕಿಲ್ಲ.

ಆದರೆ ಈ ಕಥೆ ನನ್ನದಲ್ಲ, ಪಕ್ಕದ ಮೇಜಿನ ಮಾಹಿತಿಯವರದು.

ಮಾಹಿತಿಯವರು ಅಂದರೆ ‘ಮಾಹಿತಿ’ ಎಂಬ ಫಲಕದ ಕೆಳಗೆ ಇಪ್ಪತ್ತೆರಡು ವರ್ಷದಿಂದ ಕೂತಿರುವವರು. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವರ ಸೇವಾ ಪುಸ್ತಕದಲ್ಲಿದೆಯಂತೆ. ಆ ಪುಸ್ತಕವಿರುವ ಬೀರುವಿನ ಕೀಲಿಕೈ ಕಳೆದುಹೋಗಿದೆ. ಹೊಸದಾಗಿ ಬಂದ ನಮ್ಮ ಅಧಿಕಾರಿ ಮೇಡಂ ಅಂತೂ ‘ಮಾಹಿತಿ’ಯೇ ಅವರ ಹೆಸರೆಂದು ತಿಳಿದು ಹಾಜರಿ ಪುಸ್ತಕದಲ್ಲೂ ಹಾಗೇ ಬರೆದುಬಿಟ್ಟರು. ಯಾರು ಏನು ಕೇಳಿದರೂ ಈ ಮನುಷ್ಯ ‘ಗೊತ್ತಿಲ್ಲ’ ಅಂದದ್ದನ್ನು ನಾನು ಕೇಳಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ ಅವರೇ ವಿವರಿಸಿದರು: “ಗೊತ್ತಿಲ್ಲ ಅಂತ ಕೇಳಿಸಿಕೊಳ್ಳೋಕೆ ಜನ ಇಲ್ಲಿವರೆಗೂ ಬರಬೇಕೇನ್ರೀ? ಅದನ್ನ ಮನೇಲೇ ಕೂತು ಮಾಡಬಹುದಿತ್ತಲ್ಲ.”

ಜಿಲ್ಲೆಯಲ್ಲಿ ನೋಡುವಂಥ ತಾಣಗಳು ಏಳು. ಅವುಗಳಲ್ಲಿ ಅವರ ಪ್ರಾಣ ಇದ್ದದ್ದು ಏಳನೆಯದರಲ್ಲಿ, ಭೂಶಿರದಲ್ಲಿ. ನೆಲ ಬೆರಳಿನ ಹಾಗೆ ಚಾಚಿಕೊಂಡು ಸಮುದ್ರದಲ್ಲಿ ಮುಗಿದುಹೋಗುವ ಜಾಗ ಅದು. ಯಾರಾದರೂ ಕಿಟಕಿಯ ಬಳಿ ಬಂದು ಭೂಶಿರ ಅಂದರೆ ಸಾಕು, ಮಾಹಿತಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಶುರು ಮಾಡುತ್ತಿದ್ದರು.

“ಬೆಳಗ್ಗೆ ಎಂಟೂಕಾಲಿನ ಬಸ್ಸು ಹಿಡೀರಿ. ಎಡಗಡೆ ಕಿಟಕಿ ಸೀಟು ಕೇಳಿ ತಗೊಳ್ಳಿ, ಜಗಳ ಆದ್ರೂ ಪರವಾಗಿಲ್ಲ. ಎಂಬತ್ತನೇ ಕಿಲೋಮೀಟರ್ ಕಲ್ಲು ಬರೋ ಹೊತ್ತಿಗೆ ನಿದ್ದೆ ಮಾಡಬೇಡಿ. ಅಲ್ಲಿ ಒಂದೇ ಒಂದು ಘಳಿಗೆ ಸಮುದ್ರ ಕಾಣುತ್ತೆ. ಆಮೇಲೆ ಎಷ್ಟು ಹತ್ತಿರದಿಂದ ನೋಡಿದ್ರೂ ಆ ಮೊದಲ ಸಲದ ಹಾಗಿರಲ್ಲ.”

ಹೋದವರಲ್ಲಿ ಕೆಲವರು ವಾಪಸು ಬರುವಾಗ ಕಚೇರಿಗೆ ಬಂದು ಕೈಮುಗಿದು ಹೋಗುತ್ತಿದ್ದರು. “ಎಡಗಡೆ ಕೂತದ್ದು ಸಾರ್ಥಕ ಆಯ್ತು ಸಾರ್. ಮೈ ಜುಮ್ಮಂತು.” ಮಾಹಿತಿಯವರು ತಲೆಯಾಡಿಸಿ ಅವರಿಂದ ಹೊಸ ವಿವರಗಳನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಮಾರನೇ ದಿನ ಆ ವಿವರ ಇನ್ನೊಬ್ಬರಿಗೆ ಹೋಗುತ್ತಿತ್ತು.

ಅವರು ಮಾತ್ರ ಭೂಶಿರವನ್ನು ನೋಡಿರಲಿಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಗಾದೆಯೇ ಇದೆ. ಲೋಕಕ್ಕೆ ರಜೆ ಬಂದಾಗ ಪ್ರವಾಸಿಗರು ಹೊರಡುತ್ತಾರೆ, ಪ್ರವಾಸಿಗರು ಹೊರಟಾಗ ನಮ್ಮ ಕಚೇರಿ ತೆರೆದಿರಬೇಕು. ನಮಗೆ ವಾರದ ರಜೆ ಮಂಗಳವಾರ. ಅವರ ಹೆಂಡತಿ ಶಿಶುವಿಹಾರದಲ್ಲಿ ಟೀಚರು, ಅವರಿಗೆ ಭಾನುವಾರ. ಮದುವೆಯಾದ ವಾರದಲ್ಲಿ ಮಾಹಿತಿಯವರು, “ಮುಂದಿನ ತಿಂಗಳು ನಿನಗೆ ಸಮುದ್ರ ತೋರಿಸ್ತೀನಿ,” ಅಂದಿದ್ದರು. ಆಕೆ ನಂಬಿ ಒಂದು ಫ್ಲಾಸ್ಕ್ ಕೊಂಡರು. ಮುಂದಿನ ತಿಂಗಳು ಮುಂದಿನ ವರ್ಷವಾಯಿತು, ಮುಂದಿನ ವರ್ಷ ಹತ್ತೊಂಬತ್ತು ವರ್ಷವಾಯಿತು. ಫ್ಲಾಸ್ಕ್ ಇನ್ನೂ ಡಬ್ಬಿಯಲ್ಲೇ ಇತ್ತು, ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ. ವರ್ಷಕ್ಕೊಮ್ಮೆ ಕೆಳಗಿಳಿಸಿ, ತೊಳೆದು, ಬಿಸಿಲಿಗಿಟ್ಟು, ಮತ್ತೆ ಅಟ್ಟಕ್ಕೇರಿಸುತ್ತಿದ್ದರು. ನಡುಮನೆಯ ಗೋಡೆಯ ಮೇಲೆ ನಮ್ಮ ಇಲಾಖೆಯದೇ ಭೂಶಿರದ ಪೋಸ್ಟರು. ದಿನಾ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿ ಒರೆಸಿ ಸಮುದ್ರದ ನೀಲಿ ಅರ್ಧ ಮಾಸಿತ್ತು.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಮ್ಮ ಎರಡು ಕ್ವಾರ್ಟರ್ಸಿಗೆ ನಡುವೆ ಇರುವುದು ಒಂದೇ ಗೋಡೆ. ಕಟ್ಟಿದ ಕಂಟ್ರಾಕ್ಟರು ಮರಳಿನಲ್ಲಿ ಧಾರಾಳಿ, ಸಿಮೆಂಟಿನಲ್ಲಿ ಮಿತವ್ಯಯಿ. ನಾವು ಕದ್ದು ಕೇಳುವುದಿಲ್ಲ. ಕೇಳಿಸುತ್ತದೆ.

ಹೀಗಿರುವಾಗ ಕೇಂದ್ರ ಕಚೇರಿಯಿಂದ ಒಂದು ದಪ್ಪ ಲಕೋಟೆ ಬಂತು. ಟಪಾಲಿನವನಾದ್ದರಿಂದ ಒಡೆದವನು ನಾನೇ. ಪಾಪದ ಮೊದಲ ಪಾಲು ನನ್ನದು. ಒಳಗೆ ‘ಮಾನವ ಸಂಪನ್ಮೂಲ ಅಭಿವೃದ್ಧಿ ಮತ್ತು ಪಂಚವಾರ್ಷಿಕ ಯೋಜನಾ ನಮೂನೆ’ ಇತ್ತು. ಕಚೇರಿಯಲ್ಲಿ ಎಷ್ಟು ಜನ, ಯಾರಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಬರದೇ ಇರುವುದನ್ನು ಯಾರು ಕಲಿಸಬೇಕು, ಐದು ವರ್ಷದಲ್ಲಿ ಇನ್ನೆಂಥವರು ಬೇಕು ಎಂದು ಹನ್ನೊಂದು ಕಾಲಂ. ಅಲ್ಲಿಯವರೆಗೆ ನಾವು ಬರೀ ಸಿಬ್ಬಂದಿಯಾಗಿದ್ದೆವು. ಸಂಪನ್ಮೂಲ ಎಂದು ತಿಳಿದ ದಿನ ಎಲ್ಲರೂ ಸ್ವಲ್ಪ ನೆಟ್ಟಗೆ ಕೂತೆವು.

ಏಳನೇ ಕಾಲಮಿನಲ್ಲಿ ‘ನೌಕರರು ಖುದ್ದಾಗಿ ಭೇಟಿ ನೀಡಿರುವ ತಾಣಗಳು’ ಅಂತಿತ್ತು. ಕೆಳಗೆ ಸೂಚನೆ: ‘ಯಾವ ಕಾಲಮನ್ನೂ ಖಾಲಿ ಬಿಡತಕ್ಕದ್ದಲ್ಲ. ಇಲ್ಲ ಎಂದು ಬರೆದಲ್ಲಿ ಕಾರಣವನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸತಕ್ಕದ್ದು.’

ನಮ್ಮ ಡ್ರೈವರ್ ‘ಇಲ್ಲ’ ಎಂದು ಬರೆದು, ‘ಜೀಪು ಆರು ವರ್ಷದಿಂದ ಇಟ್ಟಿಗೆ ಮೇಲೆ ನಿಂತಿದೆ’ ಎಂದು ಕಾರಣ ಲಗತ್ತಿಸಿದ. ನಾನು ‘ಇಲ್ಲ, ಹುದ್ದೆ ಇಲ್ಲಿದೆ’ ಎಂದು ಬರೆದೆ. ಮಾಹಿತಿಯವರು ಮಾತ್ರ ಹನ್ನೊಂದು ಗಂಟೆಯಿಂದ ಮೂರರವರೆಗೆ ಪೆನ್ನು ಹಿಡಿದು ಕೂತೇ ಇದ್ದರು. ಆಮೇಲೆ ಕಸದ ಬುಟ್ಟಿಯಲ್ಲಿ ಅವರ ಪ್ರತ್ಯೇಕ ಹಾಳೆ ನನಗೆ ಸಿಕ್ಕಿತು. ‘ರಜೆ ಹೊಂದಿಕೆಯಾಗಲಿಲ್ಲ’ ಎಂದು ಬರೆದು ಹೊಡೆದುಹಾಕಿದ್ದರು. ‘ಮನೆಯವಳ ಜೊತೆಗೇ ನೋಡಬೇಕೆಂದು’ ಎಂದು ಬರೆದು ಅದನ್ನೂ ಹೊಡೆದುಹಾಕಿದ್ದರು. ಅದರ ಕೆಳಗೆ ‘ಮುಂದಿನ ವರ್ಷ’ ಎಂದಷ್ಟೇ ಇತ್ತು. ಇಂಥದ್ದನ್ನೆಲ್ಲ ಕೇಂದ್ರ ಕಚೇರಿಗೆ ಕಳಿಸುವುದು ಹೇಗೆ? ಕೊನೆಗೆ ಅವರು ಏಳನೇ ಕಾಲಮಿನಲ್ಲಿ ‘ಭೂಶಿರ’ ಎಂದು ಬರೆದು ಸಹಿ ಹಾಕಿದರು. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ. ಅಷ್ಟು ಸಲ ಹೇಳಿ ಹೇಳಿ ಅವರ ಅರ್ಧ ಜೀವ ಆಗಲೇ ಅಲ್ಲಿಗೆ ಹೋಗಿಬಂದಿತ್ತು.

ಮೂರು ವಾರಕ್ಕೆ ಉತ್ತರ ಬಂತು. ಮೇಡಂ ಎಲ್ಲರನ್ನೂ ತಮ್ಮ ಕೋಣೆಗೆ ಕರೆದು ಓದಿದರು. ಮೇಡಂ ಒಳ್ಳೆಯವರು, ಬಂದ ಆದೇಶವನ್ನೆಲ್ಲ ನಂಬುವ ವಯಸ್ಸು.

“ಒಂಬತ್ತು ಜನರಲ್ಲಿ ಎಂಟು ಜನ ಒಂದು ತಾಣಾನೂ ನೋಡಿಲ್ಲ. ಕೇಂದ್ರ ಕಚೇರಿಯೋರು ಆತಂಕ ವ್ಯಕ್ತಪಡಿಸಿದಾರೆ. ಆದ್ರೆ ಒಬ್ಬರಿದಾರೆ!” ಎಂದು ಮಾಹಿತಿಯವರ ಕಡೆ ತಿರುಗಿದರು. “ನಿಮ್ಮನ್ನ ಸಂಪನ್ಮೂಲ ವ್ಯಕ್ತಿ ಅಂತ ಘೋಷಣೆ ಮಾಡಿದಾರೆ. ನೀವು ಉಳಿದೋರಿಗೆ ಭೂಶಿರದ ಬಗ್ಗೆ ಆರು ಪಾಠ ಮಾಡಬೇಕು. ಆಮೇಲೆ ಎಲ್ಲರನ್ನೂ ಸ್ಥಳಕ್ಕೆ ಕರ್ಕೊಂಡು ಹೋಗಿ ತೋರಿಸಬೇಕು.”

“ಮೇಡಂ, ಅದು ಏನಾಯ್ತು ಅಂದ್ರೆ…”

“ವಿನಯ ಬೇಡ.”

“ವಿನಯ ಅಲ್ಲ ಮೇಡಂ. ನಾನು ನಿಜವಾಗ್ಲೂ…”

“ಅದೇ! ನಿಜವಾಗ್ಲೂ ನೋಡಿರೋರೇ ನಮಗೆ ಬೇಕಾಗಿರೋದು!” ಎಂದು ಮೇಡಂ ಚಪ್ಪಾಳೆ ತಟ್ಟಿದರು. ಅಧಿಕಾರಿಗಳು ತಟ್ಟಿದ ಮೇಲೆ ನಾವು ಸುಮ್ಮನಿರಲಾಗುತ್ತದೆಯೇ? ಆ ಗದ್ದಲದಲ್ಲಿ ಮಾಹಿತಿಯವರ ತಪ್ಪೊಪ್ಪಿಗೆ ಮುಳುಗಿಹೋಯಿತು. ಜೀವರಕ್ಷಕ ಪಕ್ಕದಲ್ಲೇ ಇದ್ದ, ಅವನೂ ಚಪ್ಪಾಳೆ ತಟ್ಟುತ್ತಿದ್ದ.

ಪಾಪದ ಎರಡನೇ ಪಾಲೂ ನನ್ನದೇ. ನನ್ನ ಹೊಟ್ಟೆಯಲ್ಲಿ ಊಟ ನಿಂತೀತು, ಮಾತು ನಿಲ್ಲುವುದಿಲ್ಲ. ಸಂಜೆ ಮನೆಗೆ ಬಂದವನೇ ನನ್ನ ಹೆಂಡತಿಗೆ ಹೇಳಿದೆ. ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಪಕ್ಕದ ಮನೆಯಾಕೆಗೆ ಗೋಡೆಯ ಮೇಲಿಂದ ಕೂಗಿದಳು.

“ಅಕ್ಕಾ, ಸಿಹಿ ಯಾವಾಗ? ನಿಮ್ಮೆಜಮಾನ್ರೊಬ್ಬರೇ ಅಂತೆ ಇಡೀ ಕಚೇರೀಲಿ ಸಮುದ್ರ ನೋಡಿರೋರು! ಸರ್ಕಾರವೇ ಒಪ್ಪಿಕೊಂಡಿದೆ!”

ಬಟ್ಟೆ ಹಿಂಡುವ ಸದ್ದು ನಿಂತಿತು. ಹಿಂಡದೆ ಬಿಟ್ಟ ನೀರು ಕಲ್ಲಿನ ಮೇಲೆ ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು.

ಮಾಹಿತಿಯವರು ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಗೋಡೆ ಮಾತಾಡಲು ಶುರುಮಾಡಿತು.

“ಯಾರ ಜೊತೆ ಹೋಗಿದ್ರಿ?”

“ಎಲ್ಲಿಗೆ?”

“ಸಮುದ್ರಕ್ಕೆ.”

“ಅಯ್ಯೋ, ನಾನು ಹೋಗೇ ಇಲ್ಲ ಕಣೇ. ಫಾರಂನಲ್ಲಿ ಸುಮ್ನೆ ಹಾಗೆ ಬರೆದೆ.”

“ನೀವು? ಫಾರಂನಲ್ಲಿ? ಸುಮ್ನೆ?” ಆಕೆಯ ದನಿ ಮೆಟ್ಟಿಲು ಮೆಟ್ಟಿಲಾಗಿ ಏರಿತು. “ಜನಗಣತಿಯೋರು ಮನೇಲಿ ಗಡಿಯಾರ ಎಷ್ಟಿದೆ ಅಂದ್ರೆ, ‘ಒಂದು ನಿಂತುಹೋಗಿದೆ, ಅದನ್ನೂ ಸೇರಿಸಬಹುದಾ’ ಅಂತ ಅವರನ್ನ ಅರ್ಧ ಗಂಟೆ ಕೂರಿಸಿದ್ದೋರು ನೀವು! ಗುರುತಿನ ಚೀಟೀಲಿ ನನ್ನ ವಯಸ್ಸು ಎರಡು ವರ್ಷ ಕಮ್ಮಿ ಬಿದ್ದಿದ್ದಕ್ಕೆ, ಯಾವ ಗಂಡನಾದ್ರೂ ಸುಮ್ನಿರ್ತಿದ್ದ, ನೀವೇ ಅರ್ಜಿ ಹಾಕಿ ಜಾಸ್ತಿ ಮಾಡಿಸಿದ್ರಿ! ಅಂಥೋರು ಫಾರಂನಲ್ಲಿ ಸುಳ್ಳು ಬರೀತೀರಾ?”

ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ವಾದದಲ್ಲಿ ಹುರುಳಿತ್ತು. ಇಷ್ಟು ವರ್ಷ ಸತ್ಯವಂತನಾಗಿದ್ದದ್ದೇ ಆ ಮನುಷ್ಯನಿಗೆ ಮುಳುವಾಗಿತ್ತು.

“ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ,” ಅಂದರು ಆಕೆ. “ನೋಡಿಕೊಂಡು ಮನೆಗೆ ಬಂದು, ಏನೂ ಆಗದೋರ ಹಾಗೆ ‘ಮುಂದಿನ ವರ್ಷ ಹೋಗೋಣ’ ಅಂದ್ರಲ್ಲ. ಅದು ಹೆಂಗೆ ಬಂತು ನಿಮಗೆ ಬಾಯಿ?”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಆ ದಿನ ಪಕ್ಕದ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಬೆಳಗ್ಗೆ ನಾನು ಪೇಪರು ಕೇಳುವ ನೆಪದಲ್ಲಿ ಹೋಗಿ ನೋಡಿದರೆ ಭೂಶಿರದ ಪೋಸ್ಟರು ಮಗುಚಿ ಗೋಡೆಗೆ ಮುಖ ಮಾಡಿ ನೇತಾಡುತ್ತಿತ್ತು.

ಮೂರನೇ ದಿನ ಆಕೆಯ ತಮ್ಮ ಬಂದ. ಕೋರ್ಟಿನಲ್ಲಿ ಗುಮಾಸ್ತ, ಆದರೆ ನ್ಯಾಯಾಧೀಶರಿಗಿಂತ ಗಂಭೀರ. ನಮ್ಮಿಬ್ಬರನ್ನೂ ಸಾಕ್ಷಿಗೆಂದು ಕರೆಸಿಕೊಂಡು, ನಡುಮನೆಯಲ್ಲಿ ಕುರ್ಚಿ ಹಾಕಿ, ಮಾಹಿತಿಯವರನ್ನು ಎದುರಿಗೆ ಮಣೆಯ ಮೇಲೆ ಕೂರಿಸಿದ.

“ಭಾವ, ನೀವು ಹೋಗೇ ಇಲ್ಲ ಅಂತೀರಿ.”

“ಹೋಗಿಲ್ಲಪ್ಪ.”

“ಸರಿ. ಅಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು?”

ಇದು ಅನ್ಯಾಯದ ಪ್ರಶ್ನೆ. ನೀರು ಕಂಡರೆ ಬಾತುಕೋಳಿ ಇಳಿಯುವ ಹಾಗೆ, ಪ್ರಶ್ನೆ ಕಂಡರೆ ಮಾಹಿತಿಯವರು ಉತ್ತರಕ್ಕಿಳಿಯುತ್ತಾರೆ. ಕನ್ನಡಕ ತೆಗೆದೇಬಿಟ್ಟರು.

“ಕಲ್ಲು ಬೆಂಚಿನ ಕೆಳಗೆ ಬಿಡಿ. ಮೇಲೆ ಬಿಟ್ರೆ ಗಾಳಿಗೆ ಹಾರಿಹೋಗುತ್ತೆ.”

“ಇಳಿಯೋಕೆ ಮೆಟ್ಟಿಲು ಎಷ್ಟು?”

“ಅರವತ್ನಾಲ್ಕು. ನಲವತ್ತನೇದು ಸಡಿಲ ಇದೆ, ಹುಷಾರು.”

“ಸಂಜೆ ನೀರು ಯಾವ ಬಣ್ಣ?”

“ಮೊದಲು ತಾಮ್ರದ ಬಣ್ಣ. ಆಮೇಲೆ ಬೂದಿ. ಜನ ತಾಮ್ರ ನೋಡಿ ಎದ್ದುಬಿಡ್ತಾರೆ, ನೀವು ಹಾಗೆ ಮಾಡಬೇಡಿ. ಬೂದಿ ಆಗೋವರೆಗೂ ಕೂತಿರಿ.”

ಅವರು ಅದನ್ನು ಎಷ್ಟು ಮೆಲ್ಲಗೆ, ಎಷ್ಟು ಆಸೆಯಿಂದ ಹೇಳಿದರೆಂದರೆ ಗುಮಾಸ್ತನೂ ಒಂದು ಕ್ಷಣ ಪ್ರಶ್ನೆ ಮರೆತ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಎಷ್ಟು ಹೊತ್ತು ಕೂತಿದ್ರಿ?” ಅಂದರು.

ಮಾಹಿತಿಯವರ ಮುಖ ಹುಳ್ಳಗಾಯಿತು. ಭಾವಮೈದುನ ಎದ್ದು ತೀರ್ಪು ಕೊಟ್ಟ: “ಲಿಖಿತ ಸಾಕ್ಷ್ಯ ಸಿಕ್ಕಿದೆ, ಬಾಯಿ ಸಾಕ್ಷ್ಯ ಸಿಕ್ಕಿದೆ. ಇನ್ನು ಸ್ಥಳ ಮಹಜರು ಒಂದೇ ಬಾಕಿ. ಅಕ್ಕಾ, ಕಚೇರಿಯೋರು ಹೋಗುವಾಗ ಮನೆಯೋರೂ ಬರಬಹುದಂತೆ. ನೀನು ಹೊರಡು, ನಾನೂ ಬರ್ತೀನಿ. ಅಲ್ಲಿ ಅಂಗಡಿಯೋರು ಇರ್ತಾರಲ್ಲ, ಭಾವನ್ನ ತೋರಿಸಿ ಗುರುತು ಹಿಡೀತೀರಾ ಅಂತ ಕೇಳೋಣ.”

ಹತ್ತೊಂಬತ್ತು ವರ್ಷ ಕಾದ ಪ್ರಯಾಣಕ್ಕೆ ಆಕೆ ಒಪ್ಪಿಕೊಂಡದ್ದು ಹೀಗೆ, ಮಹಜರಿಗೆಂದು.

ಈ ನಡುವೆ ಕಚೇರಿಯಲ್ಲಿ ಪಾಠ ಸಾಗಿತ್ತು. ಮನೆಯಲ್ಲಿ ಮಾತು ನಿಂತದ್ದರಿಂದಲೋ ಏನೋ, ಮಾಹಿತಿಯವರ ಮಾತೆಲ್ಲ ಪಾಠಕ್ಕೆ ಬಂದು ಸೇರಿತು. ಮೊದಲ ಪಾಠ ದಾರಿ, ಎರಡನೆಯದು ಗಾಳಿ, ಮೂರನೆಯದಕ್ಕೆ ಬರೀ ಅಲೆಯ ಸದ್ದು. ದೂರದಿಂದ ಅದು ಯಾರೋ ದೊಡ್ಡ ಹಾಳೆ ಮಡಚಿದ ಹಾಗೆ ಕೇಳುತ್ತದೆ, ಹತ್ತಿರ ಹೋದಂತೆ ಮಡಚುವುದಲ್ಲ, ಬಿಚ್ಚುವುದು ಅನ್ನಿಸುತ್ತದೆ ಅಂದರು. ಡ್ರೈವರ್ ಮೂಗು ಸೀಟಿಕೊಂಡ. ನನಗೆ ನನ್ನ ಹುದ್ದೆ ನೆನಪಾಯಿತು. ಇಪ್ಪತ್ತೈದನೇ ವಯಸ್ಸಿನಲ್ಲಿ ಈಜುಸ್ಪರ್ಧೆಯ ಪದಕ ಹಾಕಿಕೊಂಡು ಸಂದರ್ಶನಕ್ಕೆ ಬಂದ ಹುಡುಗ ಎಲ್ಲಿ ಹೋದ ಅನ್ನಿಸಿ, ಅಂದಿನ ಟಪಾಲಿಗೆ ಮೊಹರು ಒತ್ತುವುದನ್ನೇ ಮರೆತೆ. ಮೇಡಂ ಆ ವಾರದ ವರದಿಯಲ್ಲಿ ‘ಸಿಬ್ಬಂದಿಯಲ್ಲಿ ಗಮನಾರ್ಹ ಹಂಬಲ ಕಂಡುಬಂದಿದೆ’ ಎಂದು ಬರೆದು, ಅದಕ್ಕೆ ಕಾಲಂ ಇಲ್ಲದ್ದರಿಂದ ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದರು.

ಪ್ರತಿ ಪಾಠದ ಕೊನೆಗೂ ಒಂದೇ ಮಾತು: “ಎಡಗಡೆ ಕೂತ್ಕೊಳ್ಳಿ. ಎಂಬತ್ತನೇ ಕಲ್ಲು.”

ಒಂದು ಮಂಗಳವಾರ, ಶಿಶುವಿಹಾರಕ್ಕೂ ರಜೆ ಹಾಕಿಸಿ, ಬಾಡಿಗೆ ಬಸ್ಸಿನಲ್ಲಿ ಹೊರಟೆವು. ಡ್ರೈವರ್ ಆರು ವರ್ಷದ ನಂತರ ಸ್ಟೇರಿಂಗ್ ಹಿಡಿದವನು. ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು ಬಂದಿದ್ದ. ಪಾಠ ಎಷ್ಟು ಚೆನ್ನಾಗಿ ತಲೆಗೆ ಹತ್ತಿತ್ತೆಂದರೆ ಹತ್ತಿದವರೆಲ್ಲ ಎಡಕ್ಕೇ ನುಗ್ಗಿದರು. ಇಬ್ಬರ ಸೀಟಿನಲ್ಲಿ ಮೂವರು, ಮೂವರ ತೊಡೆಯ ಮೇಲೆ ಚೀಲಗಳು. ಬಲಗಡೆ ಸಾಲು ಸಾಲೇ ಖಾಲಿ. ಬಸ್ಸು ಎಡಕ್ಕೆ ವಾಲಿತು.

“ಮೇಡಂ, ಇಬ್ಬರು ಮೂವರಾದ್ರೂ ಆ ಕಡೆ ಕೂರಲಿ, ತಿರುವಲ್ಲಿ ಮಗುಚಿಕೊಳ್ಳುತ್ತೆ,” ಅಂದ ಡ್ರೈವರ್.

ಮೇಡಂ ಸುತ್ತ ನೋಡಿದರು. “ಜೀವರಕ್ಷಕರು ಯಾರು? ಇಂಥ ಹೊತ್ತಲ್ಲಿ ತ್ಯಾಗ ಮಾಡೋದು ಅವರ ಕರ್ತವ್ಯ.”

ಹಾಗಾಗಿ ಬಲಗಡೆ ನಾನೊಬ್ಬನೇ ಕೂತೆ, ಸಮುದ್ರಕ್ಕೆ ಬೆನ್ನು ಹಾಕಿದವನ ಮುಖ ಮಾಡಿಕೊಂಡು.

ಎಡಗಡೆಯ ಮೊದಲ ಕಿಟಕಿಯ ಸೀಟಿನ ಮೇಲೆ ಮಾಹಿತಿಯವರು ಬೆಳಗಿನಿಂದಲೇ ಕರವಸ್ತ್ರ ಹಾಸಿ ಕಾದಿಟ್ಟಿದ್ದರು. ಹೆಂಡತಿ ಬಂದು, ಕರವಸ್ತ್ರ ಮಡಚಿ ಗಂಡನ ಕೈಗೆ ಕೊಟ್ಟು ಕೂತರು. ಕಾಲ ಬಳಿ ಒಂದು ದೊಡ್ಡ ಚೀಲ. ಪಕ್ಕದಲ್ಲಿ ತಮ್ಮ, ಮಹಜರಿನ ಹಾಳೆ ಸಮೇತ. ಮಾಹಿತಿಯವರು ಬಾಗಿಲ ಬಳಿ ಕಂಬಿ ಹಿಡಿದು ನಿಂತರು. ಎಪ್ಪತ್ತನೇ ಕಲ್ಲು ದಾಟಿದ ಮೇಲೆ ಅವರು ಒಂದೊಂದೇ ಕಲ್ಲು ಎಣಿಸತೊಡಗಿದರು. ಎಪ್ಪತ್ತೈದು. ಎಪ್ಪತ್ತೆಂಟು.

“ಈಗ,” ಅಂದರು ಮಾಹಿತಿಯವರು. “ಈಗ ನೋಡಿ.”

ಎಲ್ಲರೂ ನೋಡಿದರು. ಎಡಗಡೆ ಒಂದು ಹಂಚಿನ ಕಾರ್ಖಾನೆಯ ಕಾಂಪೌಂಡು ಗೋಡೆ ಬಂತು. ಉದ್ದಕ್ಕೂ ಬಂತು. ಅದರ ಮೇಲೆ ಆಳೆತ್ತರದ ಅಕ್ಷರದಲ್ಲಿ ‘ಇಲ್ಲಿ ಗಲೀಜು ಮಾಡಬಾರದು’ ಎಂದು ಬರೆದಿತ್ತು.

“ಗೋಡೆ ಹಿಂದೆ ಇರಬೇಕು,” ಅಂದ ಒಬ್ಬ, ಭಕ್ತಿಯಿಂದ.

ನಾನು ಬೇಸರಕ್ಕೆ ಈ ಕಡೆ ತಿರುಗಿದೆ. ನನ್ನ ಕಿಟಕಿಯ ಕೆಳಗೆ ಗುಡ್ಡ ಇಳಿದು, ಅದರಾಚೆ, ಆಕಾಶವೇ ಎದ್ದು ಕೂತ ಹಾಗೆ, ನೀಲಿ ನೀಲಿ ನೀಲಿ.

“ಇಲ್ಲಿದೆ,” ಅಂದೆ. ಯಾರೂ ಈ ಕಡೆ ತಿರುಗಲಿಲ್ಲ. ಮತ್ತೆ ಕೂಗಿದೆ, “ಇಲ್ಲಿದೆ ಕಣ್ರೀ! ಬಲಗಡೆ!”

ಹತ್ತೊಂಬತ್ತು ಜನ ಒಟ್ಟಿಗೆ ನನ್ನ ಮೇಲೆ ಬಿದ್ದರು. ಬಸ್ಸು ಎಡದಿಂದ ಬಲಕ್ಕೆ ವಾಲಿತು. ಡ್ರೈವರ್ ಬ್ರೇಕ್ ಹಾಕಿದ. ಮೇಡಂ ಮೆಲ್ಲಗೆ ಕೇಳಿದರು: “ಮಾಹಿತಿಯವರೇ, ಸಮುದ್ರ ಬಲಗಡೆ ಇದೆಯಲ್ಲ?”

ಮಾಹಿತಿಯವರು ಕಂಬಿಗೆ ಹಣೆ ಒರಗಿಸಿದರು. ಹಾಗೇ ಹೇಳಿದರು: “ನನಗೆ ಹೇಳಿದೋರೆಲ್ಲ ವಾಪಸು ಬಂದೋರು ಮೇಡಂ. ‘ಬರ್ತಾ ಎಡಗಡೆ ಕೂತಿದ್ವಿ, ಕಾಣಿಸ್ತು’ ಅಂದ್ರು. ಬರುವಾಗ ಎಡಗಡೆ ಆದ್ರೆ ಹೋಗುವಾಗ… ನನಗೆ ಹೊಳೀಲೇ ಇಲ್ಲ. ನಾನು ಯಾವತ್ತೂ ಹೋಗಲೇ ಇಲ್ಲವಲ್ಲ.”

ಇಪ್ಪತ್ತೆರಡು ವರ್ಷ ಅವರ ಮಾತು ಕೇಳಿ ಎಡಗಡೆ ಕೂತವರು ಹೋಗುತ್ತಾ ಕಾರ್ಖಾನೆಯ ಗೋಡೆ ನೋಡಿದ್ದರು; ಬರುತ್ತಾ ಮತ್ತೆ ಎಡಗಡೆಯೇ ಕೂತು ಸಮುದ್ರ ಕಂಡು, ಕೈಮುಗಿದು ಹೋಗಿದ್ದರು. ಒಬ್ಬನೂ ದೂರು ಕೊಡಲಿಲ್ಲ ನೋಡಿ, ನಮ್ಮ ಪ್ರವಾಸಿಗರು ಎಷ್ಟು ಒಳ್ಳೆಯವರು.

“ಹಾಗಾದ್ರೆ ಏಳನೇ ಕಾಲಂ…” ಅಂದರು ಮೇಡಂ.

“ಸುಳ್ಳು ಮೇಡಂ.”

ಅಷ್ಟರಲ್ಲಿ ಮಾಹಿತಿಯವರ ಹೆಂಡತಿ ಸೀಟಿನಿಂದ ಎದ್ದರು. ಆಕೆ ಗಂಡನ ಎದುರು ಹೋಗಿ ನಿಂತರು.

“ನೀವು ನೋಡಿಲ್ಲ.”

“ಇಲ್ಲ.”

“ಒಂದು ಸಲಾನೂ?”

“ಒಂದು ಸಲಾನೂ ಇಲ್ಲ ಕಣೇ. ನಿನ್ನ ಬಿಟ್ಟು ಹೇಗೆ ನೋಡಲಿ?”

ಆಕೆ ಇಡೀ ಬಸ್ಸಿನ ಕಡೆ ತಿರುಗಿದರು. ಮಗ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದದ್ದನ್ನು ಸಾರುವ ತಾಯಿಯ ಹಾಗೆ ಮುಖ ಅರಳಿತ್ತು, ಕಣ್ಣಲ್ಲಿ ನೀರಿಳಿಯುತ್ತಿತ್ತು.

“ಇವರು ಸಮುದ್ರ ನೋಡೇ ಇಲ್ಲ ಕಣ್ರೀ!” ಅಂದರು. “ಏನೂ ನೋಡಿಲ್ಲ! ಏನೇನೂ ಗೊತ್ತಿಲ್ಲ ಇವರಿಗೆ!”

ಹೆಂಡತಿಯೊಬ್ಬಳು ಗಂಡನ ಅಜ್ಞಾನವನ್ನು ಇಷ್ಟು ಹೆಮ್ಮೆಯಿಂದ ಸಾರಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಭಾವಮೈದುನ ಮಹಜರಿನ ಹಾಳೆಯನ್ನು ನಾಲ್ಕಾಗಿ ಹರಿದು ಗಂಭೀರವಾಗಿ ಹೇಳಿದ: “ಭಾವ ಖುಲಾಸೆ.”

“ಆದ್ರೆ ನಾನು ಕೇಂದ್ರ ಕಚೇರಿಗೆ ಏನಂತ ಬರೀಲಿ?” ಎಂದು ಮೇಡಂ ತಲೆ ಮೇಲೆ ಕೈ ಹೊತ್ತರು.

ಡ್ರೈವರ್ ಗೇರ್ ಹಾಕಿದ. “ಅರ್ಧ ಗಂಟೆ ತಡೀರಿ ಮೇಡಂ. ಏಳನೇ ಕಾಲಂ ನಿಜ ಆಗುತ್ತೆ.”

ಬಸ್ಸು ಹೊರಟು ಒಂದು ದಿಬ್ಬದ ಮರೆಗೆ ಹೋಯಿತು, ಸಮುದ್ರ ಕಾಣದಾಯಿತು. ಆಗ ನನಗೆ ಹೊಳೆಯಿತು, ಆ ಒಂದು ಘಳಿಗೆಯನ್ನು ಬಸ್ಸಿನಲ್ಲಿ ಎಲ್ಲರೂ ನೋಡಿದ್ದರು, ಇಬ್ಬರನ್ನು ಬಿಟ್ಟು. ಮಾಹಿತಿಯವರು ಹೆಂಡತಿಯನ್ನು ನೋಡುತ್ತಿದ್ದರು. ಆಕೆ ಗಂಡನನ್ನು.

ಭೂಶಿರದಲ್ಲಿ ಚಪ್ಪಲಿಗಳನ್ನು ಕಲ್ಲು ಬೆಂಚಿನ ಕೆಳಗೆ ಬಿಟ್ಟೆವು. ಮೆಟ್ಟಿಲುಗಳು ಅರವತ್ತಮೂರೇ ಇದ್ದವು. ನಾನು ಎಣಿಸಿದೆ, ಎಲ್ಲರೂ ಎಣಿಸುತ್ತಿದ್ದರು, ಯಾರೂ ಬಾಯಿ ಬಿಡಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ಮಾಹಿತಿಯವರು ನಿಂತುಬಿಟ್ಟರು.

“ಯಾಕ್ರೀ?” ಅಂದರು ಆಕೆ.

“ನಾನು ಇಷ್ಟು ವರ್ಷ ಜನರಿಗೆ ಹೇಳಿದ್ದೆಲ್ಲ ಸುಳ್ಳಾಗಿದ್ರೆ?”

“ಸುಳ್ಳಾದ್ರೆ ಇಬ್ರೂ ಸೇರಿ ನೋಡೋಣ ಬನ್ನಿ,” ಎಂದು ಆಕೆ ಮೊಣಕೈ ಹಿಡಿದು ಮರಳಿಗೆ ಇಳಿಸಿದರು.

ಸಂಜೆಯವರೆಗೂ ಅವರಿಬ್ಬರು ನೀರಿನಂಚಿನ ಒಂದು ಬಂಡೆಯ ಮೇಲೆ ಕೂತೇ ಇದ್ದರು. ಆಕೆ ಚೀಲದಿಂದ ಡಬ್ಬಿ ತೆಗೆದು, ಡಬ್ಬಿಯಿಂದ ಫ್ಲಾಸ್ಕ್ ತೆಗೆದರು. ಮಹಜರಿಗೆ ಬಂದವರು ಫ್ಲಾಸ್ಕ್ ಯಾಕೆ ತುಂಬಿಸಿಕೊಂಡು ಬಂದರು ಎಂದು ಅವರ ತಮ್ಮನೂ ಕೇಳಲಿಲ್ಲ. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ತೆರೆಯುವಾಗ ಮುಚ್ಚಳ ಕೈಜಾರಿ ಅಲೆಗೆ ಸಿಕ್ಕಿತು. ನಾನು ಪ್ಯಾಂಟು ಮಡಚುವುದನ್ನೂ ಮರೆತು ನೀರಿಗೆ ಹಾರಿದೆ. ನೀರು ಮೊಣಕಾಲಿನವರೆಗೆ ಮಾತ್ರ ಇತ್ತು, ಆದರೂ ಎರಡು ಕೈ ಬೀಸಿ ಈಜಿಯೇ ಹೋಗಿ ಮುಚ್ಚಳ ಹಿಡಿದು ತಂದುಕೊಟ್ಟೆ. ಮೇಡಂ ಅದನ್ನು ವರದಿಗೆ ಗುರುತು ಹಾಕಿಕೊಂಡರು. ಹದಿನೈದು ವರ್ಷದಲ್ಲಿ ನನ್ನ ಮೊದಲ ರಕ್ಷಣಾ ಕಾರ್ಯ. ಬಟ್ಟೆ ಒಣಗುವವರೆಗೆ ಅವರ ಹತ್ತಿರವೇ ಕೂತಿದ್ದೆ, ಅದಕ್ಕೇ ಮುಂದಿನದು ಕೇಳಿಸಿತು. ಈ ಸಲ ನಡುವೆ ಗೋಡೆಯೂ ಇರಲಿಲ್ಲ.

ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಆಕೆ ದೂರದ ಗೆರೆಯನ್ನು ತೋರಿಸಿದರು.

“ಅದರ ಆಚೆ ಏನಿದೆ ರೀ?”

ಮಾಹಿತಿಯವರ ಕೈ ಅಭ್ಯಾಸಬಲದಿಂದ ಕನ್ನಡಕಕ್ಕೆ ಹೋಯಿತು. ಬಾಯಿ ತೆರೆಯಿತು. ಪಕ್ಕದಲ್ಲಿದ್ದ ನಾನು ಕಿವಿ ನಿಮಿರಿಸಿದೆ. ಅವರು ಆ ಗೆರೆಯನ್ನು ಸ್ವಲ್ಪ ಹೊತ್ತು ನೋಡಿ, ಕನ್ನಡಕವನ್ನು ಮತ್ತೆ ಸರಿಯಾಗಿ ಏರಿಸಿಕೊಂಡರು.

“ಗೊತ್ತಿಲ್ಲ ಕಣೇ,” ಅಂದರು.

ಆಕೆ ಇನ್ನೊಂದು ಗೇಣು ಹತ್ತಿರ ಸರಿದು ಕೂತು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಗಂಡನ ಕೈಗಿಟ್ಟರು. ಮೇಲಿನ ರಸ್ತೆಯಿಂದ ಡ್ರೈವರ್ ಹಾರ್ನ್ ಹೊಡೆದ. ಮೇಡಂ ಎದ್ದು ಮರಳು ಕೊಡವಿಕೊಂಡರು. ಮಾಹಿತಿಯವರೂ ನೌಕರ ಬುದ್ಧಿಗೆ ಅರ್ಧ ಎದ್ದರು.

ಆಕೆ ಅವರ ಅಂಗಿ ಹಿಡಿದು ಎಳೆದರು.

“ಕೂತ್ಕೊಳ್ಳಿ. ಇನ್ನೂ ತಾಮ್ರ ಇದೆ.”